ಲ್ಯಾಪ್‌ಟಾಪ್‌ನಲ್ಲಿ ಓಡುವ ಫಾರ್ಮ್ ಸರ್ವರ್‌ನಲ್ಲಿ ಯಾಕೆ ಮುಗ್ಗರಿಸುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿರಸಿ ಹತ್ತಿರದವನು. ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುವ ಕೆಲಸ. ನಮ್ಮೂರಲ್ಲಿ ಪ್ರತಿ ಬೇಸಿಗೆಗೆ ನಡೆಯುವ ಮಕ್ಕಳ ಶಿಬಿರಕ್ಕೆ ಪಿಎಚ್‌ಪಿಯಲ್ಲಿ (ಸರ್ವರ್‌ನಲ್ಲಿ ಓಡುವ ವೆಬ್ ಪ್ರೋಗ್ರಾಮಿಂಗ್ ಭಾಷೆ) ನೋಂದಣಿ ಫಾರ್ಮ್ ಬರೆದುಕೊಟ್ಟಿದ್ದೆ. ಮಗುವಿನ ಹೆಸರು ಕನ್ನಡದಲ್ಲಿ, ಮಗುವಿನ ಫೋಟೊ, ಜನನ ಪ್ರಮಾಣಪತ್ರದ ಫೋಟೊ, ಪೋಷಕರ ಫೋನ್ ಮತ್ತು ಇಮೇಲ್, ಜೊತೆಗೆ ಬರುವ ಅಣ್ಣ ತಮ್ಮ ಅಕ್ಕ ತಂಗಿಯರ ಸಂಖ್ಯೆ, ಇಷ್ಟೇ ಅದರಲ್ಲಿರುವುದು. ಜೊತೆಗೆ ಯಾರಾದರೂ ಬರುವುದಿದ್ದರೆ ಶುಲ್ಕದಲ್ಲಿ ರಿಯಾಯಿತಿ. ಹಳೆ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್) ಪಿಎಚ್‌ಪಿ 7.2 ಇತ್ತು, ಕೆಲವು ವರ್ಷ ಏನೂ ತೊಂದರೆ ಆಗಲಿಲ್ಲ. ಈ ಸಲ ಬೇರೆ ಹೋಸ್ಟಿಂಗ್ ತೆಗೆದುಕೊಂಡೆವು, ಅಲ್ಲಿ 8.2 ಇದೆ. ಕೋಡ್‌ನಲ್ಲಿ ಒಂದಕ್ಷರ ಬದಲಾಯಿಸಿಲ್ಲ.

ಈಗ ಕೆಲವರಿಗೆ ಸಬ್ಮಿಟ್ ಒತ್ತಿದರೆ ಖಾಲಿ ಫಾರ್ಮ್ ಮತ್ತೆ ಬರುತ್ತದೆ, ಎರರ್ ಏನೂ ಇಲ್ಲ. ಹೊಸ ಹೆಸರುಗಳು ಡೇಟಾಬೇಸ್‌ನಲ್ಲಿ ಬರೀ ಪ್ರಶ್ನೆ ಚಿಹ್ನೆ. ಹಳೆ ವರ್ಷದ ಹೆಸರುಗಳು ವಿಚಿತ್ರ ಅಕ್ಷರಗಳಾಗಿವೆ. ಧನ್ಯವಾದ ಪುಟ ಬರುವ ಬದಲು ಬಿಳಿ ಪುಟ. ‘ಮೇಲ್ ಕಳಿಸಲಾಗಿದೆ’ ಎಂದು ತೋರಿಸುತ್ತದೆ, ಆದರೆ ಜಿಮೇಲ್ ಇರುವವರಿಗೆ ಬರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಯಾರೂ ಜೊತೆಗೆ ಬರದ ಮಕ್ಕಳಿಗೂ ರಿಯಾಯಿತಿ ಸಿಕ್ಕಿದೆ! ನನ್ನ ಲ್ಯಾಪ್‌ಟಾಪ್‌ನ ಎಕ್ಸಾಂಪ್‌ನಲ್ಲಿ (ಕಂಪ್ಯೂಟರನ್ನೇ ಪುಟ್ಟ ಸರ್ವರ್ ಮಾಡುವ ತಂತ್ರಾಂಶ, ಪಿಎಚ್‌ಪಿ 7.4) ಎಲ್ಲ ಸರಿಯಾಗಿದೆ. ಹೋಸ್ಟಿಂಗ್‌ನವರು ‘ನಿಮ್ಮ ಕೋಡ್ ಸಮಸ್ಯೆ’ ಎನ್ನುತ್ತಾರೆ. ಸ್ನೇಹಿತನೊಬ್ಬ ಫೋಲ್ಡರ್‌ಗೆ 777 ಪರ್ಮಿಷನ್ ಕೊಡು ಎಂದ. ಇನ್ನೊಬ್ಬ ಈ ಸರ್ವರ್ ಕನ್ನಡಕ್ಕೆ ಸಪೋರ್ಟ್ ಮಾಡಲ್ಲ ಎಂದ. ಸುಮ್ನೆ ಹಳೆ ಪಿಎಚ್‌ಪಿಗೆ ವಾಪಸ್ ಹೋಗಿಬಿಡಲೇ?

ಉತ್ತರ: ನಿಮ್ಮ ದೂರುಗಳು ಒಂದೇ ವಾರದಲ್ಲಿ ಕಾಣಿಸಿಕೊಂಡಿವೆ. ಹಾಗಾಗಿ ಎಲ್ಲಕ್ಕೂ ಕಾರಣ ಒಂದೇ ಇರಬೇಕು ಅನಿಸುವುದು ಸಹಜ. ಆದರೆ ನೀವು ಬರೆದದ್ದನ್ನು ನೋಡಿದರೆ ಪ್ರತಿ ದೂರಿನ ಹಿಂದೆಯೂ ಬೇರೆ ಬೇರೆ ಕಾರಣ ಇದೆ. ಒಂದೇ ಗುಂಡಿ ಒತ್ತಿ ಎಲ್ಲ ಸರಿ ಮಾಡಲು ಹೊರಟರೆ ವಾರಗಟ್ಟಲೆ ಒದ್ದಾಡುತ್ತೀರಿ. ಒಂದೊಂದಾಗಿ ಬಿಡಿಸಿದರೆ ಹೆಚ್ಚಿನವು ಅರ್ಧ ಗಂಟೆಯ ಕೆಲಸ.

‘ಒಂದಕ್ಷರ ಬದಲಾಯಿಸಿಲ್ಲ’ ಎನ್ನುವುದು ನಿಜ. ಆದರೆ ನೀವು ಬರೆದ ಫೈಲು ಪೂರ್ತಿ ಪ್ರೋಗ್ರಾಂ ಅಲ್ಲವಲ್ಲ. ಎಷ್ಟು ದೊಡ್ಡ ಫೋಟೊ ಒಪ್ಪಬೇಕು, ಡೇಟಾಬೇಸ್ ಜೊತೆ ಯಾವ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಸಂಖ್ಯೆಯಾಗಿ ಬರೆಯುವ ಪದ್ಧತಿ) ಮಾತಾಡಬೇಕು, ಮೇಲ್ ಯಾವ ದಾರಿಯಲ್ಲಿ ಹೋಗಬೇಕು, ಗಡಿಯಾರ ಯಾವ ದೇಶದ್ದು, ಇದು ಯಾವುದನ್ನೂ ನಿಮ್ಮ ಕೋಡ್ ಹೇಳಿಲ್ಲ. ಕೋಡ್ ಹೇಳದೇ ಬಿಟ್ಟದ್ದನ್ನು ಆಯಾ ಸರ್ವರ್ ತನ್ನ ಡಿಫಾಲ್ಟ್‌ನಿಂದ ತುಂಬಿಕೊಳ್ಳುತ್ತದೆ. ಹಳೆ ಸರ್ವರ್ ನಿಮಗೆ ಬೇಕಾದ ಹಾಗೆ ತುಂಬಿಕೊಂಡಿತ್ತು. ಹೊಸದು ಬೇರೆ ಥರ ತುಂಬಿಕೊಂಡಿದೆ. ಹೋಸ್ಟಿಂಗ್‌ನವರು ಹೇಳಿದ್ದರಲ್ಲಿ ಅರ್ಧ ಸತ್ಯ ಇರುವುದು ಇದಕ್ಕೇ.

ಮೊದಲು ಆ 777 ವಿಷಯ ಮುಗಿಸಿಬಿಡೋಣ. ದಯವಿಟ್ಟು ಬೇಡ. ನಿಮ್ಮ ಯಾವ ದೂರಿಗೂ ಫೈಲ್ ಪರ್ಮಿಷನ್‌ಗೂ ಸಂಬಂಧವಿಲ್ಲ. ಪರ್ಮಿಷನ್ ತಪ್ಪಿದ್ದರೆ ಫೋಟೊ ಮಾತ್ರ ಸೇವ್ ಆಗುತ್ತಿರಲಿಲ್ಲ, ಹೆಸರುಗಳು ಪ್ರಶ್ನೆ ಚಿಹ್ನೆ ಆಗುತ್ತಿರಲಿಲ್ಲ. 777 ಅಂದರೆ ಆ ಸರ್ವರ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ಫೈಲ್ ತಿದ್ದಬಹುದು ಎಂದರ್ಥ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಅದು ಬಾಗಿಲು ತೆರೆದಿಟ್ಟ ಹಾಗೆಯೇ. ಅಷ್ಟೇ ಅಲ್ಲ, ಸುಎಕ್ಸೆಕ್ ಎಂಬ ವ್ಯವಸ್ಥೆ ಇರುವ ಸರ್ವರ್‌ಗಳು ಬೇರೆಯವರು ತಿದ್ದಬಹುದಾದ ಸ್ಕ್ರಿಪ್ಟನ್ನು ಓಡಿಸಲು ಒಪ್ಪುವುದೇ ಇಲ್ಲ, 500 ಎರರ್ ಕೊಡುತ್ತವೆ. ಸಾಮಾನ್ಯವಾಗಿ ಫೈಲ್‌ಗಳಿಗೆ 644, ಫೋಲ್ಡರ್‌ಗಳಿಗೆ 755 ಸಾಕು.

ಎಲ್ಲಿ ತುಂಡಾಯಿತು ಎಂದು ಮೊದಲು ನೋಡಿ

ಫಾರ್ಮ್ ಅಂದರೆ ಒಂದು ಸರಪಳಿ. ಬ್ರೌಸರ್ ಕಳಿಸಿತೇ, ವೆಬ್ ಸರ್ವರ್ ಒಳಗೆ ಬಿಟ್ಟಿತೇ, ಪಿಎಚ್‌ಪಿಗೆ ಡೇಟಾ ಸಿಕ್ಕಿತೇ, ಡೇಟಾಬೇಸ್ ಬರೆದುಕೊಂಡಿತೇ, ಮೇಲ್ ಹೊರಟಿತೇ? ‘ಫಾರ್ಮ್ ಕೆಲಸ ಮಾಡ್ತಿಲ್ಲ’ ಎಂದು ನನ್ನ ಬಳಿ ಬರುವವರಲ್ಲಿ ಜಾಸ್ತಿ ಜನ ಇದರಲ್ಲಿ ಯಾವ ಕೊಂಡಿ ತುಂಡಾಗಿದೆ ಎಂದು ನೋಡಿಯೇ ಇರುವುದಿಲ್ಲ. ನೇರವಾಗಿ ಕೋಡ್ ತಿದ್ದಲು ಶುರು ಮಾಡಿರುತ್ತಾರೆ. ನೋಡುವುದು ಕಷ್ಟವಲ್ಲ. ಪ್ರತಿ ಹಂತದಲ್ಲೂ ಒಂದು ಸಾಲು ಎರರ್ ಲಾಗ್‌ಗೆ ಬರೆಯಿರಿ: ‘ಡೇಟಾ ಬಂತು’, ‘ಪರಿಶೀಲನೆ ಮುಗಿಯಿತು’, ‘ಡೇಟಾಬೇಸ್‌ಗೆ ಹೋಯಿತು’, ‘ಮೇಲ್ ಕೊಟ್ಟಾಯಿತು’. ಮಕ್ಕಳ ಹೆಸರು, ಫೋನ್ ನಂಬರ್‌ಗಳನ್ನು ಲಾಗ್‌ಗೆ ಬರೆಯಬೇಡಿ, ಸುಮ್ಮನೆ ಒಂದು ಕ್ರಮಸಂಖ್ಯೆ ಸಾಕು.

ಆಮೇಲೆ ಎರಡೂ ಕಡೆ ಪಿಎಚ್‌ಪಿಇನ್ಫೋ ಪುಟ (ಪಿಎಚ್‌ಪಿಯ ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪುಟ) ಓಡಿಸಿ, ಲ್ಯಾಪ್‌ಟಾಪ್‌ದು ಒಂದು ಟ್ಯಾಬ್‌ನಲ್ಲಿ, ಸರ್ವರ್‌ದು ಇನ್ನೊಂದರಲ್ಲಿ. ಪುಟ ಉದ್ದವಾಗಿದೆ ಎಂದು ಹೆದರಬೇಡಿ. ನಿಮಗೆ ಬೇಕಾದದ್ದು ಕೆಲವೇ ಸಾಲು: ಪಿಎಚ್‌ಪಿ ಆವೃತ್ತಿ, ಸರ್ವರ್ ಎಪಿಐ, ಯಾವ ಕಾನ್ಫಿಗರೇಶನ್ ಫೈಲ್ ಲೋಡ್ ಆಗಿದೆ, ಪೋಸ್ಟ್ ಮ್ಯಾಕ್ಸ್ ಸೈಜ್, ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್, ಔಟ್‌ಪುಟ್ ಬಫರಿಂಗ್, ಎಂಬಿಸ್ಟ್ರಿಂಗ್ (ಕನ್ನಡದಂಥ ಬಹುಬೈಟ್ ಅಕ್ಷರಗಳನ್ನು ನಿಭಾಯಿಸುವ ಎಕ್ಸ್‌ಟೆನ್ಶನ್) ಇದೆಯೋ ಇಲ್ಲವೋ, ಟೈಮ್‌ಜೋನ್, ಡಿಸೇಬಲ್ ಫಂಕ್ಷನ್ಸ್ ಪಟ್ಟಿ. ನೋಡಿ ಆದ ತಕ್ಷಣ ಆ ಫೈಲ್ ಅಳಿಸಿ. ಅದು ಸರ್ವರ್‌ನ ಒಳಗುಟ್ಟನ್ನೆಲ್ಲ ಹೊರಗೆ ಹಾಕುವ ಪುಟ, ಮರೆತುಬಿಟ್ಟರೆ ಹುಡುಕಿಕೊಂಡು ಬರುವವರಿದ್ದಾರೆ.

ಖಾಲಿ ಫಾರ್ಮ್ ಮರಳಿ ಬರುವುದು

‘ಕೆಲವರಿಗೆ’ ಎಂದಿದ್ದೀರಿ. ಆ ಒಂದು ಪದ ತುಂಬ ಸಹಾಯ ಮಾಡುತ್ತದೆ. ಎಲ್ಲರಿಗೂ ಹಾಗಾಗಿದ್ದರೆ ನಾನು ರೀಡೈರೆಕ್ಟ್ (ಒಂದು ವಿಳಾಸದಿಂದ ಇನ್ನೊಂದಕ್ಕೆ ತಿರುಗಿಸುವುದು) ಕಡೆ ನೋಡುತ್ತಿದ್ದೆ. ಕೆಲವರಿಗೆ ಮಾತ್ರ ಎಂದರೆ ನನ್ನ ಮೊದಲ ಅನುಮಾನ ಫೋಟೊಗಳ ಮೇಲೆ.

ಪಿಎಚ್‌ಪಿಯಲ್ಲಿ ಎರಡು ಮಿತಿಗಳಿವೆ. ಒಂದು ಫೈಲಿಗೆ ಡಿಫಾಲ್ಟ್ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ಮೊದಲನೆಯದನ್ನು ದಾಟಿದರೆ ಉಳಿದ ಮಾಹಿತಿ ಬರುತ್ತದೆ, ಆ ಫೈಲಿಗೆ ಮಾತ್ರ ಎರರ್ ಸಂಖ್ಯೆ 1 ಸಿಗುತ್ತದೆ. ಎರಡನೆಯದನ್ನು ದಾಟಿದರೆ ನಡೆಯುವುದೇ ಬೇರೆ: ತುಂಬಿದ ಮಾಹಿತಿ, ಫೈಲುಗಳು ಬಂದು ಕೂರುವ ಪೋಸ್ಟ್ ಮತ್ತು ಫೈಲ್ಸ್ ಎಂಬ ಎರಡೂ ಅರೇಗಳು (ಪಟ್ಟಿಗಳು) ಪೂರ್ತಿ ಖಾಲಿಯಾಗಿ ಬರುತ್ತವೆ. ಹೆಸರೂ ಇಲ್ಲ, ಫೋನೂ ಇಲ್ಲ, ಸಬ್ಮಿಟ್ ಬಟನ್‌ನ ಗುರುತೂ ಇಲ್ಲ. ನಿಮ್ಮ ಕೋಡ್ ಬಹುಶಃ ‘ಸಬ್ಮಿಟ್ ಬಂದಿದ್ದರೆ ಉಳಿಸು, ಇಲ್ಲದಿದ್ದರೆ ಫಾರ್ಮ್ ತೋರಿಸು’ ಎಂದಿರಬೇಕು. ಸಬ್ಮಿಟ್ ಬಂದಿಲ್ಲವಲ್ಲ, ಅದು ನಿಷ್ಠೆಯಿಂದ ಖಾಲಿ ಫಾರ್ಮ್ ತೋರಿಸುತ್ತದೆ. ಈಗಿನ ಫೋನ್‌ಗಳ ಒಂದು ಫೋಟೊವೇ ನಾಲ್ಕೈದು ಎಂಬಿ ಇರುತ್ತದೆ. ಮಗುವಿನದ್ದೊಂದು, ಪ್ರಮಾಣಪತ್ರದ್ದೊಂದು, ಅಲ್ಲಿಗೆ ಎಂಟು ದಾಟಿತು. ವಾಟ್ಸಾಪ್‌ನಲ್ಲಿ ಬಂದ ಚಿಕ್ಕ ಫೋಟೊ ಹಾಕಿದವರಿಗೆ ಎಲ್ಲ ಸರಿಯಾಗಿರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಿತಿ ಜಾಸ್ತಿ ಇದ್ದಿರಬಹುದು, ಅಥವಾ ನೀವು ಪರೀಕ್ಷೆಗೆ ಪ್ರತಿ ಸಲ ಅದೇ ಪುಟಾಣಿ ಚಿತ್ರ ಹಾಕುತ್ತಿರಬಹುದು. ಎರಡನೆಯದು ಬಹಳ ಸಾಮಾನ್ಯ.

ಪರಿಹಾರ ಎರಡು ಕಡೆ. ಮಿತಿಯನ್ನು ಹೆಚ್ಚಿಸಿ, ಜೊತೆಗೆ ಕೋಡ್‌ನಲ್ಲೂ ಹೇಳಿ: ರಿಕ್ವೆಸ್ಟ್ ಪೋಸ್ಟ್ ಆಗಿದ್ದು, ಕಂಟೆಂಟ್ ಲೆಂಗ್ತ್ ಸೊನ್ನೆಗಿಂತ ಜಾಸ್ತಿ ಇದ್ದು, ಪೋಸ್ಟ್ ಅರೇ ಖಾಲಿ ಇದ್ದರೆ ‘ಫೋಟೊಗಳು ತುಂಬ ದೊಡ್ಡದಾಗಿವೆ’ ಎಂದು ಕನ್ನಡದಲ್ಲೇ ತೋರಿಸಿ. ಮಿತಿ ಎಷ್ಟೇ ಏರಿಸಿದರೂ ಅದನ್ನು ದಾಟುವವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಕಾರಣವಾದರೂ ಗೊತ್ತಾಗಲಿ.

ಮಿತಿ ಬದಲಾಯಿಸುವ ಜಾಗದಲ್ಲಿ ಇನ್ನೊಂದು ಹೊಂಡ ಇದೆ. ಹಳೆ ಸರ್ವರ್‌ನಲ್ಲಿ ಎಚ್‌ಟಿಆಕ್ಸೆಸ್ ಎಂಬ, ಅಪಾಚೆ ವೆಬ್ ಸರ್ವರ್ ಓದುವ ಫೈಲ್‌ನಲ್ಲಿ ಪಿಎಚ್‌ಪಿ ಸೆಟ್ಟಿಂಗ್ ಬರೆದಿದ್ದರೆ, ಹೊಸ ಸರ್ವರ್‌ನಲ್ಲಿ ಪಿಎಚ್‌ಪಿ ಅಪಾಚೆಯ ಮಾಡ್ಯೂಲ್ ಆಗಿ ಓಡದಿದ್ದಾಗ ಅದೇ ಸಾಲು 500 ಎರರ್ ತರುತ್ತದೆ. ವೆಬ್ ಸರ್ವರ್ ಅಪಾಚೆಯ ಬದಲು ಎನ್‌ಜಿನ್‌ಎಕ್ಸ್ ಆಗಿದ್ದರೆ ಆ ಫೈಲನ್ನು ಓದುವುದೇ ಇಲ್ಲ. ಅಂಥ ಕಡೆ ಯೂಸರ್ ಐಎನ್‌ಐ ಎಂಬ ಪಿಎಚ್‌ಪಿ ಸೆಟ್ಟಿಂಗ್ ಫೈಲ್ ಬಳಸಬೇಕು. ಅದನ್ನು ಪಿಎಚ್‌ಪಿ ಡಿಫಾಲ್ಟ್ ಆಗಿ 300 ಸೆಕೆಂಡಿಗೊಮ್ಮೆ ಮಾತ್ರ ಮತ್ತೆ ಓದುತ್ತದೆ. ಅಂದರೆ ಬದಲಾಯಿಸಿ ಐದು ನಿಮಿಷ ಕಾಯಬೇಕು. ಕಾಯದೆ, ಕೆಲಸ ಮಾಡಲಿಲ್ಲ ಎಂದುಕೊಂಡು ಮತ್ತೆ ಮತ್ತೆ ಏನೇನೋ ಬದಲಾಯಿಸಿ, ಕೊನೆಗೆ ಯಾವುದು ಕೆಲಸ ಮಾಡಿತು ಎಂದೇ ಗೊತ್ತಾಗದೆ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎನ್‌ಜಿನ್‌ಎಕ್ಸ್‌ಗೆ ತನ್ನದೇ ಬೇರೆ ಮಿತಿಯೂ ಇದೆ, ಡಿಫಾಲ್ಟ್ 1 ಎಂಬಿ. ಅದನ್ನು ದಾಟಿದರೆ 413 ಎರರ್ ಪುಟ ಬರುತ್ತದೆ, ಪಿಎಚ್‌ಪಿವರೆಗೆ ವಿಷಯ ಹೋಗುವುದೇ ಇಲ್ಲ.

ರೀಡೈರೆಕ್ಟ್ ವಿಷಯವನ್ನೂ ಒಮ್ಮೆ ನೋಡಿಬಿಡಿ. ಫಾರ್ಮ್‌ನ ಆಕ್ಷನ್‌ನಲ್ಲಿ (ಮಾಹಿತಿ ಎಲ್ಲಿಗೆ ಹೋಗಬೇಕೆಂದು ಬರೆಯುವ ಜಾಗ) ಹಳೆಯ ಎಚ್‌ಟಿಟಿಪಿ ವಿಳಾಸ ಇದ್ದು, ಹೊಸ ಸರ್ವರ್ ಎಲ್ಲವನ್ನೂ ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತಿದ್ದರೆ, 301 ರೀಡೈರೆಕ್ಟ್ ಆದ ಮೇಲೆ ಬ್ರೌಸರ್ ಪೋಸ್ಟನ್ನು (ಮಾಹಿತಿ ಕಳಿಸುವ ವಿನಂತಿ) ಗೆಟ್ (ಬರೀ ಪುಟ ಕೇಳುವ ವಿನಂತಿ) ಮಾಡಿ ಕಳಿಸುತ್ತದೆ. ತುಂಬಿದ ಮಾಹಿತಿಯೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಿಂದ ಇಲ್ಲದ ವಿಳಾಸಕ್ಕೆ ತಿರುಗಿಸಿದರೂ ಇದೇ ಕಥೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ‘ಪ್ರಿಸರ್ವ್ ಲಾಗ್’ ಟಿಕ್ ಮಾಡಿ, ಒಮ್ಮೆ ಸಬ್ಮಿಟ್ ಮಾಡಿದರೆ ಕಣ್ಣಿಗೇ ಕಾಣುತ್ತದೆ. ಆಕ್ಷನ್‌ನಲ್ಲಿ ಪೂರ್ತಿ ವಿಳಾಸ ಬರೆಯದೆ ಫೈಲ್ ಹೆಸರು ಮಾತ್ರ ಬರೆದರೆ ಈ ತಲೆನೋವೇ ಇರುವುದಿಲ್ಲ.

ಅದೇ ಟ್ಯಾಬ್‌ನಲ್ಲಿ ಕೆಲವರಿಗೆ ಮಾತ್ರ 403 ಬರುತ್ತಿದ್ದರೆ ಅದು ಸರ್ವರ್‌ನ ಫೈರ್‌ವಾಲ್, ಸಾಮಾನ್ಯವಾಗಿ ಮಾಡ್‌ಸೆಕ್ಯುರಿಟಿ. ಅದನ್ನು ನೀವು ಸರಿ ಮಾಡಲು ಆಗುವುದಿಲ್ಲ, ಸಮಯ ಹೇಳಿ ಹೋಸ್ಟಿಂಗ್‌ನವರನ್ನೇ ಕೇಳಬೇಕು.

ಕನ್ನಡ ಹೆಸರುಗಳ ಗತಿ

‘ಸರ್ವರ್ ಕನ್ನಡಕ್ಕೆ ಸಪೋರ್ಟ್ ಮಾಡಲ್ಲ’ ಎನ್ನುವುದು ಹಳೇ ಕಾಲದ ಮಾತು. ಸರ್ವರ್‌ಗೆ ಭಾಷೆ ಗೊತ್ತಿಲ್ಲ, ಬೈಟ್‌ಗಳು ಮಾತ್ರ ಗೊತ್ತು. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ, ಯುನಿಕೋಡ್‌ನಲ್ಲಿ ಒತ್ತು ಮೂಡಿಸುವ ‘ವಿರಾಮ’ ಚಿಹ್ನೆಯೂ (್) ಸೇರಿ 5 ಸಂಕೇತ, ಬೈಟ್ ಲೆಕ್ಕದಲ್ಲಿ 15. ಈ ಬೈಟ್‌ಗಳನ್ನು ಯಾರು ಯಾವ ಪಟ್ಟಿ ಇಟ್ಟುಕೊಂಡು ಓದುತ್ತಾರೆ ಎನ್ನುವುದೇ ಪ್ರಶ್ನೆ.

ನಿಮ್ಮಲ್ಲಿ ಎರಡು ಥರದ ಹಾಳು ಕಾಣುತ್ತಿದೆ. ಹಳೆ ಹೆಸರುಗಳು ವಿಚಿತ್ರ ಅಕ್ಷರ, ಹೊಸ ಹೆಸರುಗಳು ಪ್ರಶ್ನೆ ಚಿಹ್ನೆ. ಈ ಜೋಡಿ ಸಿಕ್ಕಿದರೆ ಕಥೆ ಹೆಚ್ಚೂಕಡಿಮೆ ಹೀಗಿರುತ್ತದೆ. ಹಳೆ ಮೈಸೀಕ್ವೆಲ್ ಡೇಟಾಬೇಸ್‌ನ (5.7 ಮತ್ತು ಅದಕ್ಕಿಂತ ಹಿಂದಿನವು) ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ (ಅಕ್ಷರಗಳ ಪಟ್ಟಿ) ಲ್ಯಾಟಿನ್1, ಪಶ್ಚಿಮ ಯುರೋಪಿನ ಭಾಷೆಗಳದ್ದು. ಅಲ್ಲಿ ನಿಮ್ಮ ಟೇಬಲ್ಲೂ ಲ್ಯಾಟಿನ್1, ಸಂಪರ್ಕವೂ ಲ್ಯಾಟಿನ್1. ಕನ್ನಡದ ಬೈಟ್‌ಗಳನ್ನು ‘ಇವು ಲ್ಯಾಟಿನ್’ ಎಂದು ಹೇಳಿ ಒಳಗೆ ಕಳಿಸಿದಿರಿ, ಅದೇ ಸುಳ್ಳು ಹೇಳಿ ಹೊರಗೆ ತೆಗೆದಿರಿ. ಬೈಟ್ ಬದಲಾಗಲಿಲ್ಲವಾದ್ದರಿಂದ ಬ್ರೌಸರ್‌ನಲ್ಲಿ ಕನ್ನಡವೇ ಕಂಡಿತು. 2018ರಲ್ಲಿ ಬಂದ ಮೈಸೀಕ್ವೆಲ್ 8.0ರಿಂದ ಡಿಫಾಲ್ಟ್ ಯುಟಿಎಫ್8ಎಂಬಿ4 (ಮೈಸೀಕ್ವೆಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಆಯಿತು. ಸಂಪರ್ಕದ ಕ್ಯಾರೆಕ್ಟರ್ ಸೆಟ್ ಯಾವುದೆಂದು ಕೋಡ್ ಹೇಳದಿದ್ದರೆ ಸರ್ವರ್‌ನ ಡಿಫಾಲ್ಟೇ ಬಳಕೆಗೆ ಬರುತ್ತದೆ. ಈಗ ಸಂಪರ್ಕ ಸತ್ಯ ಹೇಳುತ್ತಿದೆ, ಆದರೆ ಬ್ಯಾಕಪ್‌ನಿಂದ ಬಂದ ಟೇಬಲ್ ಇನ್ನೂ ಲ್ಯಾಟಿನ್1 ಆಗಿಯೇ ಉಳಿದಿದೆ. ಹಳೆಯದನ್ನು ಓದುವಾಗ ಡೇಟಾಬೇಸ್ ಆ ಬೈಟ್‌ಗಳನ್ನು ನಿಜವಾದ ಲ್ಯಾಟಿನ್ ಎಂದೇ ನಂಬಿ ಪರಿವರ್ತಿಸುತ್ತದೆ, ಅದಕ್ಕೇ ವಿಚಿತ್ರ ಅಕ್ಷರಗಳು. ಹೊಸ ಕನ್ನಡ ಹೆಸರನ್ನು ಬರೆಯುವಾಗ ಲ್ಯಾಟಿನ್1ರಲ್ಲಿ ಅದಕ್ಕೆ ಜಾಗವೇ ಇಲ್ಲ, ಹಾಗಾಗಿ ಪ್ರತಿ ಸಂಕೇತದ ಬದಲು ಒಂದು ಪ್ರಶ್ನೆ ಚಿಹ್ನೆ ಕೂರುತ್ತದೆ. ಸ್ಟ್ರಿಕ್ಟ್ ಮೋಡ್ ಇದ್ದಿದ್ದರೆ ಡೇಟಾಬೇಸ್ ಬರೆಯಲು ಒಪ್ಪದೆ ಎರರ್ ಕೊಡುತ್ತಿತ್ತು. ನಿಮ್ಮಲ್ಲಿ ಅದು ಆಫ್ ಇರಬೇಕು. ಬಹಳ ಜನ ಸ್ಟ್ರಿಕ್ಟ್ ಮೋಡ್ ಕಿರಿಕಿರಿ ಎಂದು ಆಫ್ ಮಾಡಿಸುತ್ತಾರೆ. ನನ್ನ ಪ್ರಕಾರ ಅದು ನಿಮ್ಮ ಮಿತ್ರ. ಆನ್ ಇದ್ದಿದ್ದರೆ ಮೊದಲ ಹೆಸರಿಗೇ ವಿಷಯ ತಿಳಿಯುತ್ತಿತ್ತು.

ಈಗ ಮುಖ್ಯ ಮಾತು. ವಿಚಿತ್ರ ಅಕ್ಷರವಾದ ಹಳೆ ಹೆಸರುಗಳು ಕಳೆದುಹೋಗಿಲ್ಲ, ಬೈಟ್‌ಗಳು ಹಾಗೇ ಇವೆ. ಪ್ರಶ್ನೆ ಚಿಹ್ನೆಯಾದ ಹೆಸರುಗಳು ಹೋದವು, ಯಾವ ಟೂಲ್‌ನಿಂದಲೂ ಬರುವುದಿಲ್ಲ. ಅದೃಷ್ಟಕ್ಕೆ ಫೋನ್ ನಂಬರ್ ಅಂಕಿಗಳಲ್ಲಿರುವುದರಿಂದ ಅದು ಸರಿಯಾಗಿಯೇ ಇರುತ್ತದೆ. ಆ ಪೋಷಕರಿಗೆ ಫೋನ್ ಮಾಡಿ ಹೆಸರು ಕೇಳಿ ಬರೆದುಕೊಳ್ಳಬೇಕು, ಬೇರೆ ದಾರಿ ಇಲ್ಲ.

ಹಳೆಯದನ್ನು ಸರಿ ಮಾಡುವಾಗ ಟೇಬಲನ್ನು ನೇರವಾಗಿ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಬೇಡಿ. ಹಾಗೆ ಮಾಡಿದರೆ ಆ ವಿಚಿತ್ರ ಅಕ್ಷರಗಳೇ ನಿಜವೆಂದು ಗಟ್ಟಿಯಾಗಿ ಕೂತುಬಿಡುತ್ತವೆ. ಮೊದಲು ಬ್ಯಾಕಪ್. ಆಮೇಲೆ ಆ ಕಾಲಂ ಅನ್ನು ಬೈನರಿ ಬಗೆಗೆ ಬದಲಾಯಿಸಿ, ಆಗ ಡೇಟಾಬೇಸ್ ಬೈಟ್‌ಗಳ ಅರ್ಥ ಹುಡುಕುವುದನ್ನು ಬಿಡುತ್ತದೆ. ಅಲ್ಲಿಂದ ಯುಟಿಎಫ್8ಎಂಬಿ4 ಅಕ್ಷರ ಕಾಲಂಗೆ ಬದಲಾಯಿಸಿ. ಟೇಬಲ್‌ನ ಒಂದು ನಕಲಿನ ಮೇಲೆ ಮೊದಲು ಮಾಡಿ ನೋಡಿ. ಕೋಡ್‌ನಲ್ಲಿ ಸಂಪರ್ಕ ಆದ ತಕ್ಷಣ ಸೆಟ್ ಕ್ಯಾರ್‌ಸೆಟ್ ಕರೆದು ಯುಟಿಎಫ್8ಎಂಬಿ4 ಎಂದು ಬಾಯಿಬಿಟ್ಟು ಹೇಳಿ. ಕನ್ನಡಕ್ಕೆ ಹಳೆಯ 3 ಬೈಟಿನ ಯುಟಿಎಫ್8 ಸಾಕು, ಆದರೆ ಯಾರಾದರೂ ಹೆಸರಿನ ಜೊತೆ ಇಮೋಜಿ ಹಾಕಿಯೇ ಹಾಕುತ್ತಾರೆ, ಅದಕ್ಕೆ 4 ಬೇಕು.

ಬಿಳಿ ಪುಟ

ಸರ್ವರ್‌ನಲ್ಲಿ ಎರರ್ ತೋರಿಸುವುದು ಆಫ್ ಇರುತ್ತದೆ, ಇರಲೇಬೇಕು. ಆದ್ದರಿಂದ ಬಿಳಿ ಪುಟ ಕಂಡಾಗ ಎರರ್ ಲಾಗ್ ತೆರೆಯಿರಿ. ನನ್ನ ಊಹೆ ಸರಿಯಿದ್ದರೆ ಅಲ್ಲಿ ‘ಹೆಡರ್ಸ್ ಆಲ್ರೆಡಿ ಸೆಂಟ್’ ಎಂಬ ಸಾಲು ಇರುತ್ತದೆ. ಧನ್ಯವಾದ ಪುಟಕ್ಕೆ ಕಳಿಸುವ ಹೆಡರ್ (ಪುಟಕ್ಕಿಂತ ಮೊದಲು ಹೋಗಬೇಕಾದ ಸೂಚನೆ) ಹೊರಡುವ ಮುಂಚೆಯೇ ನಿಮ್ಮ ಸ್ಕ್ರಿಪ್ಟ್ ಏನನ್ನೋ ಹೊರಗೆ ಕಳಿಸಿದೆ.

ಏನನ್ನು? ಕನ್ನಡದಲ್ಲಿ ಕೋಡ್ ಬರೆಯುವವರಿಗೆ ಇಲ್ಲಿ ಒಂದು ವಿಶೇಷ ಕಾಟ ಇದೆ. ಕನ್ನಡ ಸಂದೇಶಗಳಿರುವ ಫೈಲನ್ನು ಹಳೆಯ ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಎಂದು ಸೇವ್ ಮಾಡಿದರೆ, ಅದು ಫೈಲಿನ ತಲೆಗೆ ಬಿಒಎಂ ಎಂಬ 3 ಬೈಟ್‌ಗಳನ್ನು ಅಂಟಿಸುತ್ತದೆ. ಎಡಿಟರ್‌ನಲ್ಲಿ ಕಾಣುವುದಿಲ್ಲ. ಇಂಗ್ಲಿಷ್‌ನಲ್ಲೇ ಬರೆದವರಿಗೆ ಯುಟಿಎಫ್-8 ಎಂದು ಆರಿಸುವ ಅಗತ್ಯವೇ ಬೀಳುತ್ತಿರಲಿಲ್ಲ, ನಮಗೆ ಬೀಳುತ್ತಿತ್ತು. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ಬಿಒಎಂ ಇಲ್ಲದೆ ಸೇವ್ ಮಾಡುವುದನ್ನೇ ಡಿಫಾಲ್ಟ್ ಮಾಡಿಕೊಂಡಿದೆ, ಆದರೆ ನಿಮ್ಮ ಫೈಲು ಅದಕ್ಕಿಂತ ಹಳೆಯದಿರಬಹುದು. ಪಿಎಚ್‌ಪಿಯ ಮುಚ್ಚುವ ಟ್ಯಾಗ್ ಆದ ಮೇಲೆ ಉಳಿದ ಖಾಲಿ ಸಾಲೂ ಇದೇ ಕೆಲಸ ಮಾಡುತ್ತದೆ. ಹಾಗೆಯೇ ಪಿಎಚ್‌ಪಿ 8ರಲ್ಲಿ, ಇಲ್ಲದ ವೇರಿಯಬಲ್ ಬಳಸಿದರೆ ಮೊದಲು ಬರುತ್ತಿದ್ದ ನೋಟಿಸ್ ಈಗ ವಾರ್ನಿಂಗ್ ಆಗಿದೆ. ಎರರ್ ತೋರಿಸುವುದು ಆನ್ ಇದ್ದರೆ ಅದೂ ಹೊರಗೆ ಬೀಳುತ್ತದೆ.

ಹಾಗಿದ್ದರೆ ಇಷ್ಟು ವರ್ಷ ಯಾಕೆ ನಡೆಯಿತು? ಔಟ್‌ಪುಟ್ ಬಫರಿಂಗ್. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ ಫೈಲ್‌ಗಳಲ್ಲಿ ಅದು 4096 ಎಂದಿರುತ್ತದೆ. ಅಷ್ಟು ಬೈಟ್‌ವರೆಗೆ ಪಿಎಚ್‌ಪಿ ಏನನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಆ 3 ಬೈಟ್ ಮುಚ್ಚಿಹೋಗುತ್ತದೆ. ಹೊಸ ಸರ್ವರ್‌ನಲ್ಲಿ ಅದು ಆಫ್ ಇದ್ದರೆ ಗುಟ್ಟು ರಟ್ಟು. ಬಫರಿಂಗ್ ಆನ್ ಮಾಡಿಸಿದರೂ ಕೆಲಸ ನಡೆಯುತ್ತದೆ, ಆದರೆ ಮುಂದಿನ ಸರ್ವರ್‌ನಲ್ಲಿ ಮತ್ತೆ ಇದೇ ಪತ್ರ ಬರೆಯುತ್ತೀರಿ. ಫೈಲನ್ನು ಬಿಒಎಂ ಇಲ್ಲದೆ ಸೇವ್ ಮಾಡಿ, ಮುಚ್ಚುವ ಟ್ಯಾಗ್ ತೆಗೆದುಬಿಡಿ.

ಲಾಗ್‌ನಲ್ಲಿ ಅದರ ಬದಲು ‘ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್’ ಎಂದು ಎಂಬಿಸ್ಟ್ರಿಂಗ್‌ನ ಯಾವುದೋ ಹೆಸರು ಕಂಡರೆ, ಆ ಎಕ್ಸ್‌ಟೆನ್ಶನ್ ಆನ್ ಆಗಿಲ್ಲ ಎಂದರ್ಥ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಟಿಕ್.

ರಿಯಾಯಿತಿ

ಇದನ್ನು ನೀವು ‘ಎಲ್ಲಕ್ಕಿಂತ ಕೆಟ್ಟದ್ದು’ ಎಂದಿದ್ದೀರಿ, ನನಗೂ ಹಾಗೇ ಅನಿಸುತ್ತದೆ. ಉಳಿದವು ಕಣ್ಣಿಗೆ ಕಾಣುವ ತೊಂದರೆಗಳು, ಇದು ಸದ್ದಿಲ್ಲದೆ ಹಣದ ಲೆಕ್ಕ ತಪ್ಪಿಸಿದೆ. ಲಾಗ್‌ನಲ್ಲಿ ಏನೂ ಸಿಗುವುದಿಲ್ಲ, ಯಾಕೆಂದರೆ ಪಿಎಚ್‌ಪಿಯ ಲೆಕ್ಕದಲ್ಲಿ ಏನೂ ತಪ್ಪಾಗಿಲ್ಲ.

ನಿಮ್ಮ ಕೋಡ್‌ನಲ್ಲಿ ‘ಸಂಖ್ಯೆ ಸೊನ್ನೆಗೆ ಸಮವಾದರೆ ಪೂರ್ತಿ ಶುಲ್ಕ, ಇಲ್ಲದಿದ್ದರೆ ರಿಯಾಯಿತಿ’ ಎಂದು ಎರಡು ಸಮಚಿಹ್ನೆ ಹಾಕಿ ಬರೆದಿದ್ದೀರಿ ಎಂದುಕೊಳ್ಳುತ್ತೇನೆ. ಪಿಎಚ್‌ಪಿ 7ರವರೆಗೆ ಖಾಲಿ ಸ್ಟ್ರಿಂಗನ್ನು (ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು) ಸೊನ್ನೆಯ ಜೊತೆ ಹೋಲಿಸಿದರೆ ‘ಸಮ’ ಎಂಬ ಉತ್ತರ ಬರುತ್ತಿತ್ತು. 8.0ರಿಂದ ನಿಯಮ ಬದಲಾಯಿತು. ಸ್ಟ್ರಿಂಗ್ ಸಂಖ್ಯೆಯಂತೆ ಕಾಣದಿದ್ದರೆ, ಸೊನ್ನೆಯನ್ನೇ ಸ್ಟ್ರಿಂಗ್ ಮಾಡಿ ಹೋಲಿಸುತ್ತಾರೆ. ಖಾಲಿಯೂ ‘0’ಯೂ ಬೇರೆ ಬೇರೆ ಸ್ಟ್ರಿಂಗ್, ಉತ್ತರ ‘ಸಮವಲ್ಲ’. ಹಾಗಾಗಿ ಆ ಬಾಕ್ಸನ್ನು ಖಾಲಿ ಬಿಟ್ಟ ಪ್ರತಿಯೊಬ್ಬರಿಗೂ ರಿಯಾಯಿತಿ ಬಿತ್ತು. ‘0’ ಎಂದು ಟೈಪ್ ಮಾಡಿದವರಿಗೆ ಬೀಳಲಿಲ್ಲ. ನಿಮ್ಮ ಡೇಟಾದಲ್ಲಿ ಇದು ಹೊಂದುತ್ತದೆಯೇ ನೋಡಿ, ಅಲ್ಲೇ ಖಾತ್ರಿಯಾಗುತ್ತದೆ. ಹಳೆ ಹೋಸ್ಟಿಂಗೂ ಲ್ಯಾಪ್‌ಟಾಪೂ ಎರಡೂ 7 ಆಗಿದ್ದರಿಂದ ನೀವು ಎಷ್ಟು ಸಲ ಪರೀಕ್ಷಿಸಿದರೂ ಇದು ಸಿಗುತ್ತಿರಲಿಲ್ಲ.

ಈ ಹೊಸ ನಿಯಮವೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹಳೆಯದರಲ್ಲಿ ಯಾವ ಪದವನ್ನು ಸೊನ್ನೆಗೆ ಹೋಲಿಸಿದರೂ ಸಮ ಬರುತ್ತಿತ್ತು, ಅದರಿಂದ ಆದ ಅನಾಹುತಗಳು ಕಡಿಮೆಯಲ್ಲ. ನೀವು ಮಾಡಬೇಕಾದದ್ದು ಇಷ್ಟೇ: ಹೋಲಿಸುವ ಮೊದಲು ಬಂದ ಬೆಲೆಯನ್ನು ಪೂರ್ಣಾಂಕ ಮಾಡಿಕೊಳ್ಳಿ, ಖಾಲಿ ಇದ್ದರೆ ಏನರ್ಥ ಎಂದು ಬರೆದೇ ಹೇಳಿ, ಆಮೇಲೆ ಮೂರು ಸಮಚಿಹ್ನೆಯಿಂದ ಹೋಲಿಸಿ. ಇದೇ ಸ್ಕ್ರಿಪ್ಟ್‌ನಲ್ಲಿ ಎರಡು ಸಮಚಿಹ್ನೆ ಇರುವ ಉಳಿದ ಜಾಗಗಳನ್ನೂ ಹುಡುಕಿ ನೋಡಿ.

ಜಿಮೇಲ್‌ಗೆ ಹೋಗದ ಮೇಲ್

ಮೇಲ್ ಫಂಕ್ಷನ್ ‘ಟ್ರೂ’ ಎಂದರೆ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದೆ ಎಂದಷ್ಟೇ ಅರ್ಥ. ಡಬ್ಬಿಯಿಂದ ಯಾರಾದರೂ ತೆಗೆದರೇ, ಮನೆ ಮುಟ್ಟಿತೇ ಎಂದು ಅದಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಪರೀಕ್ಷೆಗೆ ಇಲ್ಲಿ ಬೆಲೆಯೇ ಇಲ್ಲ. ಹಲವು ಲೋಕಲ್ ಸೆಟಪ್‌ಗಳು ಮೇಲನ್ನು ಹೊರಗೆ ಕಳಿಸದೆ ಒಂದು ಫೈಲಿಗೆ ಬರೆದಿಟ್ಟು ಸುಮ್ಮನಾಗುತ್ತವೆ.

ನೋಡಬೇಕಾದದ್ದು ಎರಡು. ಒಂದು, ‘ಇಂದ’ ಎಂಬ ಜಾಗದಲ್ಲಿ ಯಾರ ವಿಳಾಸ ಇದೆ? ಪೋಷಕರ ಜಿಮೇಲ್ ವಿಳಾಸವನ್ನೇ ಅಲ್ಲಿ ಹಾಕಿ ಶಿಬಿರದವರಿಗೆ ಮೇಲ್ ಕಳಿಸುವುದು ಹಳೆ ರೂಢಿ, ಸುಲಭವಾಗಿ ರಿಪ್ಲೈ ಮಾಡಬಹುದು ಎಂದು. ಪಡೆಯುವ ಕಡೆಯವರಿಗೆ ಅದು ಸುಳ್ಳು ಸಹಿ ಹಾಕಿದ ಪತ್ರ. ‘ಇಂದ’ದಲ್ಲಿ ಯಾವಾಗಲೂ ನಿಮ್ಮ ಡೊಮೇನ್‌ನ ವಿಳಾಸವೇ ಇರಲಿ, ಪೋಷಕರದ್ದು ರಿಪ್ಲೈ-ಟುನಲ್ಲಿ ಇರಲಿ. ಎರಡು, ನಿಮ್ಮ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿಳಾಸಪುಸ್ತಕ) ಬರೆದಿರುವ ಎಸ್‌ಪಿಎಫ್ ದಾಖಲೆ. ಹೋಸ್ಟಿಂಗ್ ಬದಲಾಯಿಸಿದಾಗ ವೆಬ್‌ಸೈಟಿನ ವಿಳಾಸ ಬದಲಾಯಿಸುತ್ತಾರೆ, ಇದನ್ನು ಮರೆಯುತ್ತಾರೆ. ಅದರಲ್ಲಿ ಇನ್ನೂ ಹಳೆ ಸರ್ವರ್‌ನ ಹೆಸರೇ ಇದ್ದರೆ ಹೊಸದರಿಂದ ಹೋದ ಮೇಲ್ ಅನುಮಾನಾಸ್ಪದ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರೂ ಎಸ್‌ಪಿಎಫ್ ಅಥವಾ ಡಿಕೆಐಎಂ (ಮೇಲ್‌ಗೆ ಡೊಮೇನ್ ಪರವಾಗಿ ಹಾಕುವ ಡಿಜಿಟಲ್ ಸಹಿ) ಹೊಂದಿರಲೇಬೇಕು ಎಂದು ಗೂಗಲ್ ನಿಯಮ ಮಾಡಿದೆ. ಹಾಗಾಗಿ ಹಳೆ ಹೋಸ್ಟಿಂಗ್‌ನಲ್ಲೇ ಉಳಿದಿದ್ದರೂ ಈ ತೊಂದರೆ ಒಂದಲ್ಲ ಒಂದು ದಿನ ಬರುತ್ತಿತ್ತು.

ಗಟ್ಟಿಯಾದ ದಾರಿ ಎಂದರೆ ಮೇಲ್ ಫಂಕ್ಷನ್ ಬಿಟ್ಟು ಪಿಎಚ್‌ಪಿಮೇಲರ್‌ನಂಥ ಲೈಬ್ರರಿ ಬಳಸಿ, ಪಾಸ್‌ವರ್ಡ್ ಕೊಟ್ಟು ಎಸ್‌ಎಂಟಿಪಿ (ಮೇಲ್ ಕಳಿಸುವ ಪ್ರಮಾಣಿತ ವಿಧಾನ) ಮೂಲಕ 587 ಪೋರ್ಟ್‌ನಲ್ಲಿ ಕಳಿಸುವುದು. ಆಗ ನಿಜವಾದ ಎರರ್ ಸಂದೇಶವೂ ಸಿಗುತ್ತದೆ. ಪಾಸ್‌ವರ್ಡನ್ನು ವೆಬ್ ಫೋಲ್ಡರ್‌ನ ಹೊರಗಿನ ಫೈಲಿನಲ್ಲಿ ಇಡಿ. ಕೆಲವು ಹೋಸ್ಟಿಂಗ್‌ಗಳು ಹೊರಗಿನ ಎಸ್‌ಎಂಟಿಪಿ ಪೋರ್ಟ್‌ಗಳನ್ನೇ ಮುಚ್ಚಿರುತ್ತವೆ, ಕೇಳಿ ನೋಡಿ. ಮೇಲ್ ವಿಷಯದಲ್ಲಿ ಹೋಸ್ಟಿಂಗ್‌ನವರು ಇಷ್ಟು ಬಿಗಿ ಯಾಕೆ ಎಂದರೆ ಅದಕ್ಕೊಂದು ಇತಿಹಾಸ ಇದೆ. 1995ರಲ್ಲಿ ಬಂದ ಫಾರ್ಮ್‌ಮೇಲ್ ಎಂಬ ಪರ್ಲ್ ಸ್ಕ್ರಿಪ್ಟ್ ಲೆಕ್ಕವಿಲ್ಲದಷ್ಟು ಸೈಟ್‌ಗಳಲ್ಲಿ ಕೂತಿತ್ತು, ಸ್ಪ್ಯಾಮ್ ಕಳಿಸುವವರು ಅದನ್ನೇ ಪುಕ್ಕಟೆ ಅಂಚೆಕಚೇರಿ ಮಾಡಿಕೊಂಡರು. ನಿಮ್ಮ ಫಾರ್ಮ್‌ನಲ್ಲೂ ಇಮೇಲ್ ಬಾಕ್ಸ್‌ನಲ್ಲಿ ಹೊಸ ಸಾಲು ಸೇರಿಸಿ ಕಳಿಸಿದರೆ ಅದು ಹೆಡರ್ ಒಳಗೆ ನುಸುಳದಂತೆ ತಡೆದಿದ್ದೀರಾ ಎಂದು ನೋಡಿಕೊಳ್ಳಿ.

ನೀವು ಕೇಳದ ಒಂದು ಮಾತು: ನೋಂದಣಿಗೆ ಕೊನೆಯ ದಿನವನ್ನು ಸ್ಕ್ರಿಪ್ಟೇ ನೋಡಿಕೊಳ್ಳುತ್ತಿದ್ದರೆ ಟೈಮ್‌ಜೋನ್ ನೋಡಿ. ಬರೆದಿರದಿದ್ದರೆ ಅದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ಮಧ್ಯರಾತ್ರಿ ಮುಚ್ಚಬೇಕಾದ ಫಾರ್ಮ್ ಮರುದಿನ ಬೆಳಗ್ಗೆ 5.30ರವರೆಗೆ ತೆರೆದಿರುತ್ತದೆ.

ಹಳೆ ಪಿಎಚ್‌ಪಿಗೆ ವಾಪಸ್ ಹೋಗಲೇ?

ಹೆಚ್ಚಿನ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಆವೃತ್ತಿ ಬದಲಾಯಿಸುವುದು ಒಂದು ಕ್ಲಿಕ್. ಹಾಗೆ ಮಾಡಿದರೆ ರಿಯಾಯಿತಿ ಸಮಸ್ಯೆ ನಿಲ್ಲುತ್ತದೆ. ಹೆಸರುಗಳು, ಮೇಲ್, ದೊಡ್ಡ ಫೋಟೊ ಇವು ಹಾಗೇ ಇರುತ್ತವೆ, ಅವಕ್ಕೂ ಆವೃತ್ತಿಗೂ ಸಂಬಂಧವಿಲ್ಲ. ಪಿಎಚ್‌ಪಿ 7.4ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2022ರ ನವೆಂಬರ್‌ಗೇ ನಿಂತಿದೆ. ಮಕ್ಕಳ ಫೋಟೊ, ಜನನ ಪ್ರಮಾಣಪತ್ರ ಇಟ್ಟುಕೊಂಡಿರುವ ಸೈಟನ್ನು ಅದರ ಮೇಲೆ ತಿಂಗಳುಗಟ್ಟಲೆ ಓಡಿಸಬೇಡಿ. ನೋಂದಣಿ ಈಗ ನಡೆಯುತ್ತಿದೆ, ಕೋಡ್ ತಿದ್ದಲು ಎರಡು ದಿನ ಬೇಕು ಎಂದಾದರೆ ಆ ಎರಡು ದಿನಕ್ಕೆ ಸರಿ.

ಗೂಗಲ್ ಫಾರ್ಮ್ಸ್‌ನಂಥ ಸಿದ್ಧ ಸೇವೆಗೆ ಹೋಗುವುದು ಇನ್ನೊಂದು ದಾರಿ. ಕನ್ನಡ, ಮೇಲ್, ಸರ್ವರ್ ಯಾವ ತಲೆಬಿಸಿಯೂ ಇರುವುದಿಲ್ಲ. ಆದರೆ ಅಲ್ಲಿ ಫೈಲ್ ಅಪ್‌ಲೋಡ್ ಇಟ್ಟರೆ ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಹಳ್ಳಿಯ ಪೋಷಕರಲ್ಲಿ ಎಷ್ಟೋ ಜನಕ್ಕೆ ತಮ್ಮ ಪಾಸ್‌ವರ್ಡ್ ನೆನಪಿರುವುದಿಲ್ಲ, ಅಲ್ಲೇ ನಿಂತುಬಿಡುತ್ತಾರೆ. ಹಾಗೆ ನೋಡಿದರೆ ಪ್ರಮಾಣಪತ್ರದ ಫೋಟೊವನ್ನು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಲೇಬೇಕೇ? ಶಿಬಿರದ ಮೊದಲ ದಿನ ಕಣ್ಣಲ್ಲಿ ನೋಡಿ ಟಿಕ್ ಹಾಕಿದರೆ ಆಗುವುದಿಲ್ಲವೇ? 8 ಎಂಬಿ ಸಮಸ್ಯೆಯೂ ಹೋಗುತ್ತದೆ, ಕಾಪಾಡಬೇಕಾದ ಕಾಗದವೂ ಕಡಿಮೆಯಾಗುತ್ತದೆ. ಇಟ್ಟುಕೊಳ್ಳಲೇಬೇಕಾದ ಫೋಟೊಗಳು ವೆಬ್ ಫೋಲ್ಡರ್‌ನ ಹೊರಗಿರಲಿ.

ನನ್ನ ಸಲಹೆ, 8.2ರಲ್ಲೇ ಉಳಿದು ಸ್ಕ್ರಿಪ್ಟ್ ತಿದ್ದಿ. ಲ್ಯಾಪ್‌ಟಾಪ್‌ಗೂ 8.2 ಇರುವ ಎಕ್ಸಾಂಪ್ ಹಾಕಿಕೊಳ್ಳಿ. ಔಟ್‌ಪುಟ್ ಬಫರಿಂಗ್, ಅಪ್‌ಲೋಡ್ ಮಿತಿಗಳನ್ನು ಸರ್ವರ್‌ನಲ್ಲಿ ಇದ್ದ ಹಾಗೇ ಅಲ್ಲೂ ಇಡಿ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸ ಆಗುವುದಿಲ್ಲ, ಲಿನಕ್ಸ್‌ನಲ್ಲಿ ಆಗುತ್ತದೆ. ಟೇಬಲ್ ಹೆಸರಿಗೂ ಅಷ್ಟೇ. ಹೊಸದಾಗಿ ಬರೆಯುವಾಗ ಎಲ್ಲ ಹೆಸರೂ ಚಿಕ್ಕಕ್ಷರದಲ್ಲೇ ಇರಲಿ.

ಕೆಲಸದ ಕ್ರಮ ಹೀಗಿರಲಿ: ಇವತ್ತೇ ಫಾರ್ಮ್ ಮುಚ್ಚಿ ‘ಸಂಜೆ ಮತ್ತೆ ತೆರೆಯುತ್ತದೆ’ ಎಂದು ಹಾಕಿ, ಯಾಕೆಂದರೆ ತೆರೆದಿರುವಷ್ಟು ಹೊತ್ತೂ ಹೆಸರುಗಳು ಹಾಳಾಗುತ್ತಲೇ ಇರುತ್ತವೆ. ಬ್ಯಾಕಪ್ ತೆಗೆಯಿರಿ. ಕ್ಯಾರೆಕ್ಟರ್ ಸೆಟ್ ಮತ್ತು ಶುಲ್ಕದ ಹೋಲಿಕೆ ಮೊದಲು ಸರಿ ಮಾಡಿ, ಫಾರ್ಮ್ ತೆರೆಯಿರಿ. ಬಿಒಎಂ, ಫೋಟೊ ಮಿತಿ, ಮೇಲ್ ನಾಳೆಗೆ ಬಿಟ್ಟರೂ ನಡೆಯುತ್ತದೆ. ತಪ್ಪಿ ರಿಯಾಯಿತಿ ಸಿಕ್ಕವರ ಹಣ ವಾಪಸ್ ಕೇಳಬೇಕೋ ಬೇಡವೋ ಎನ್ನುವುದು ಶಿಬಿರದವರು ತೀರ್ಮಾನಿಸಬೇಕಾದದ್ದು, ಪಟ್ಟಿ ಮಾತ್ರ ನೀವು ಕೊಡಿ.

ಹೋಸ್ಟಿಂಗ್‌ನವರಿಗೆ ಮತ್ತೆ ಬರೆಯುವುದಿದ್ದರೆ ‘ಫಾರ್ಮ್ ಕೆಲಸ ಮಾಡ್ತಿಲ್ಲ’ ಎಂದು ಬರೆಯಬೇಡಿ. ‘ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಈ ವಿಳಾಸಕ್ಕೆ ಪೋಸ್ಟ್ ಕಳಿಸಿದೆ, 403 ಬಂತು, ಎರರ್ ಲಾಗ್‌ನಲ್ಲಿ ಏನೂ ಇಲ್ಲ, ನಿಮ್ಮ ಫೈರ್‌ವಾಲ್ ಲಾಗ್ ನೋಡಿ ಯಾವ ನಿಯಮ ತಡೆಯಿತು ಹೇಳಿ’ ಎಂದು ಬರೆಯಿರಿ. ಅಂಥ ಪತ್ರಕ್ಕೆ ‘ನಿಮ್ಮ ಕೋಡ್ ಸಮಸ್ಯೆ’ ಎಂದು ಉತ್ತರ ಕೊಡುವುದು ಅವರಿಗೂ ಕಷ್ಟ.